ನಖಿ ಮತ್ತು ನಾದ

ತಂತಿಯ ಉದ್ದ, ಬಿಗಿತ, ತೂಕ ಇವು ಮೂರೂ ಗೊತ್ತಾದರೆ ಅದರಿಂದ ಹೊರಡುವ ಶ್ರುತಿ ಯಾವುದೆಂಬುದನ್ನು ತಂತಿಯನ್ನು ಮುಟ್ಟದೆಯೇ ಲೆಕ್ಕಹಾಕಿ ಹೇಳಬಹುದೆಂಬ ಸಂಗತಿಯನ್ನು ಹಿಂದಿನ ಅಧ್ಯಾಯದಲ್ಲಿ ವಿವರಿಸಿದ್ದಾಯಿತು. ಫ್ರಾನ್ಸಿನ ಮರ್ಸೆನ್ ಎಂಬ ಪಾದ್ರಿ 1636ರಲ್ಲಿ ಪ್ರಕಟಿಸಿದ ಆ ನಿಯಮಗಳಲ್ಲಿ ಮೀಟುವವನ ಬೆರಳಿಗಾಗಲಿ, ಆ ಬೆರಳು ಧರಿಸಿದ ಸಾಧನಕ್ಕಾಗಲಿ ಯಾವ ಸ್ಥಾನವೂ ಇಲ್ಲ. ಶ್ರುತಿಯ ಮಟ್ಟಿಗೆ ಅದು ನ್ಯಾಯವೂ ಹೌದು. ಆದರೆ ಕಿವಿಯು ಶ್ರುತಿಯೊಂದನ್ನೇ ಕೇಳಿ ತೃಪ್ತಿಪಡುವ ಇಂದ್ರಿಯವಲ್ಲ. ವಾದ್ಯ ಅದೇ, ತಂತಿ ಅದೇ, ಶ್ರುತಿಯೂ ಅದೇ ಆಗಿರಲು, ಬೆರಳ ತುದಿಯ ಮಾಂಸದಿಂದ ಮೀಟಿದಾಗ ದುಂಡಗೆ ಮೆದುವಾಗಿ ಹೊರಡುವ ನಾದವು ಉಗುರಿನಿಂದ ಮೀಟಿದಾಗ ಖಚಿತವಾಗುತ್ತದೆ, ಉಕ್ಕಿನ ಸರಿಗೆಯಿಂದ ಮೀಟಿದಾಗ ಝಣತ್ಕಾರವನ್ನು ಪಡೆಯುತ್ತದೆ. ಮೂರೂ ನಾದಗಳಿಗೆ ಹೆಸರು ಒಂದೇ, ಗುಣ ಬೇರೆ. ಈ ಗುಣಭೇದವು ಎಲ್ಲಿ ಹುಟ್ಟುತ್ತದೆ, ಅದನ್ನು ನಮಗೆ ಬೇಕಾದಂತೆ ಪಡೆಯಲು ಮೀಟುವ ಸಾಧನವನ್ನು ಹೇಗೆ ಆರಿಸಬೇಕು ಎಂಬುದೇ ಈ ಅಧ್ಯಾಯದ ವಿಷಯ.

ಈ ವಿಚಾರವನ್ನು ಎತ್ತಿಕೊಳ್ಳಲು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಕಣಗಲಾ ಗ್ರಾಮವು ತಕ್ಕ ನೆಲೆಯಾಗಿದೆ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮೇಲೆ, ನಿಪ್ಪಾಣಿಗೂ ಸಂಕೇಶ್ವರಕ್ಕೂ ನಡುವೆ, ಕನ್ನಡವೂ ಮರಾಠಿಯೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳಿಬರುವ ಈ ಊರಿನಲ್ಲಿ ನಿಂತರೆ, ತಂತಿವಾದ್ಯದ ನಾಲ್ಕು ಪ್ರಪಂಚಗಳು ನಾಲ್ಕು ಕಡೆಗಳಲ್ಲಿ ಕೈಗೆಟುಕುವಷ್ಟು ಸಮೀಪದಲ್ಲಿವೆ. ಬಡಗಣಕ್ಕೆ ಕೃಷ್ಣಾತೀರದ ಮಿರಜ. ಆಯುಧಗಳನ್ನು ಸಾಣೆಹಿಡಿಯುತ್ತಿದ್ದ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಸಿತಾರ್ ತಂಬೂರಿಗಳ ನಿರ್ಮಾಣಕ್ಕೆ ಕೈಹಾಕಿ ಹೆಸರು ಗಳಿಸಿದ ಊರದು, ಅಲ್ಲಿನ ಸಿತಾರಿಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ತೆಂಕಣಕ್ಕೆ ಧಾರವಾಡ, ಬೀನಕಾರ ಬಂದೇ ಅಲೀ ಖಾನರ ಶಿಷ್ಯರಾದ ಸಿತಾರರತ್ನ ರಹಿಮತ್ ಖಾನರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ನೆಲೆಸಿ, ಸಿತಾರಿನ ಪರಂಪರೆಯೊಂದನ್ನು ಬೇರೂರಿಸಿದ್ದು ಅಲ್ಲಿ. ಆಗ್ನೇಯಕ್ಕೆ ಸವದತ್ತಿಯ ಯಲ್ಲಮ್ಮನ ಗುಡ್ಡ; ಜೋಗತಿಯರ ಚೌಡಿಕೆಯ ನಾದ ಹುಕ್ಕೇರಿ, ಗೋಕಾಕ, ಮೂಡಲಗಿಗಳ ಬೀದಿಗಳಲ್ಲಿ ಸುತ್ತಿ ಸೇರುವುದು ಆ ಗುಡ್ಡವನ್ನೇ. ನೈಋತ್ಯಕ್ಕೆ, ಘಟ್ಟದ ಕೆಳಗೆ, ಗಿಟಾರನ್ನು ಮನೆವಾದ್ಯವಾಗಿ ಮಾಡಿಕೊಂಡ ಗೋವೆ. ಈ ನಾಲ್ಕೂ ಕಡೆಗಳಲ್ಲಿ ತಂತಿಯನ್ನು ಮೀಟುವ ಸಾಧನ ಬೇರೆ ಬೇರೆ: ತಂಬೂರಿಗೆ ಬರಿಯ ಬೆರಳು, ಸಿತಾರಿಗೆ ಈ ಭಾಗದವರು ನಖಿಯೆಂದು ಕರೆಯುವ ಉಕ್ಕಿನ ಮಿಜರಾಬು, ಚೌಡಿಕೆಗೆ ಮರದ ಕಡ್ಡಿ, ಗಿಟಾರಿಗೆ ಪ್ಲಾಸ್ಟಿಕ್ಕಿನ ಪಿಕ್ಕು. ಅನುಕೂಲಕ್ಕಾಗಿ ಇವೆಲ್ಲವನ್ನೂ ನಾವು ನಖಿಯೆಂದೇ ಕರೆಯೋಣ. ಈ ವೈವಿಧ್ಯವು ಕೇವಲ ರೂಢಿಯಿಂದ ಬಂದುದೋ, ಅಥವಾ ಪ್ರತಿಯೊಂದು ವಾದ್ಯದ ರಚನೆಯೇ ತನಗೆ ತಕ್ಕ ನಖಿಯನ್ನು ಬೇಡಿ ಪಡೆದುಕೊಂಡಿತೋ ಎಂಬುದು ಪರೀಕ್ಷಿಸಿ ನೋಡತಕ್ಕ ಪ್ರಶ್ನೆ.

ಬಿಡುಗಡೆಯ ಕ್ಷಣ

ಮೊದಲು ಒಂದು ಮೂಲಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಖಿಯು ತಂತಿಯನ್ನು ಸೋಂಕಿರುವಷ್ಟು ಕಾಲ ತಂತಿಯಿಂದ ನಮಗೆ ಬೇಕಾದ ನಾದ ಹೊರಡುವುದಿಲ್ಲ. ನಾದ ಹೊರಡುವ ಹೊತ್ತಿಗೆ ನಖಿ ತಂತಿಯನ್ನು ಬಿಟ್ಟಾಗಿರುತ್ತದೆ. ಜೋಳದ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿಯೋಡಿಸುವವನ ಕವಣೆಯಿಂದ ಕಲ್ಲು ಜಾರಿದ ಮೇಲೆ ಅದರ ಹಾದಿಯನ್ನು ತಿದ್ದಲು ಹೇಗೆ ಯಾರಿಂದಲೂ ಆಗದೋ, ಹಾಗೆಯೇ ತಂತಿಯು ನಖಿಯಿಂದ ಜಾರಿದ ಮೇಲೆ ನಖಿಗೆ ಅದರ ಮೇಲೆ ಅಧಿಕಾರವಿಲ್ಲ. ಆದುದರಿಂದ ನಖಿಯ ಪ್ರಭಾವವೆಲ್ಲವೂ ಒಂದೇ ಕ್ಷಣದಲ್ಲಿ ಅಡಗಿದೆ: ಬಿಡುಗಡೆಯ ಕ್ಷಣದಲ್ಲಿ ತಂತಿಯ ಆಕಾರ ಹೇಗಿತ್ತು, ಬಿಡುಗಡೆಯು ಎಷ್ಟು ಬೇಗನೆ ನಡೆಯಿತು, ತಂತಿಯು ಯಾವ ದಿಕ್ಕಿಗೆ ಎಳೆಯಲ್ಪಟ್ಟಿತ್ತು. ದಪ್ಪ, ತುದಿಯ ಆಕಾರ, ಪದಾರ್ಥ, ಹಿಡಿತ ಎಂದು ವಾದಕರು ಚರ್ಚಿಸುವ ಗುಣಗಳೆಲ್ಲವೂ ಈ ಮೂರು ಬಾಗಿಲುಗಳ ಮೂಲಕವೇ ನಾದವನ್ನು ಪ್ರವೇಶಿಸಬೇಕು.

ತಂತಿಯನ್ನು ಚೂಪಾದ ತುದಿಯಿಂದ ಎಳೆದು ಹಿಡಿದಾಗ ಅದು ಎರಡು ಸರಳರೇಖೆಗಳಾಗಿ ಮುರಿದು, ಎಳೆದ ಜಾಗದಲ್ಲಿ ಒಂದು ಮೂಲೆಯನ್ನು ಪಡೆಯುತ್ತದೆ. ಬಿಟ್ಟೊಡನೆಯೇ ಆ ಮೂಲೆಯು ಎರಡಾಗಿ ಸೀಳಿ, ಒಂದು ತಂತಿಯನ್ನು ಒಡಲಿನ ಮೇಲೆ ಹೊರುವ ಕುದುರೆಯ ಕಡೆಗೂ ಇನ್ನೊಂದು ಎದುರು ತುದಿಯ ಮೇರುವಿನ ಕಡೆಗೂ ಓಡಿ, ತುದಿಗಳನ್ನು ಮುಟ್ಟಿ ಮರಳುತ್ತದೆ. ಈ ಓಟದ ವೇಗ ಸಾಮಾನ್ಯವಲ್ಲ. 65 ಸೆಂಟಿಮೀಟರು ಉದ್ದದ ಗಿಟಾರಿನ ತಂತಿಗಳ ಪೈಕಿ ಸೆಕೆಂಡಿಗೆ 330 ಸಲ ಕಂಪಿಸುವ ಅತ್ಯಂತ ತೆಳುವಾದ ತಂತಿಯಲ್ಲಿ ಆ ಮೂಲೆಗಳು ಸೆಕೆಂಡಿಗೆ ಸುಮಾರು 430 ಮೀಟರು ವೇಗದಿಂದ, ಅಂದರೆ ಗಾಳಿಯಲ್ಲಿ ಶಬ್ದ ಚಲಿಸುವ ವೇಗವನ್ನೂ ಮೀರಿ, ಓಡಾಡುತ್ತವೆ. ಮೂಲೆಯು ಎಷ್ಟು ಚೂಪಾಗಿದ್ದರೆ ಅಷ್ಟು ಮಟ್ಟಿಗೆ ಉನ್ನತ ಉಪಸ್ವರಗಳು ಮೂಲಸ್ವರದೊಡನೆ ಹೆಣೆದುಕೊಂಡು ಬರುತ್ತವೆ. ಮೂಲೆಯು ದುಂಡಗಾದಷ್ಟೂ ಅವು ಕ್ಷೀಣಿಸುತ್ತವೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ತನ್ನ ಶ್ರವಣಶಾಸ್ತ್ರದ ಮಹಾಗ್ರಂಥದಲ್ಲಿ ಮೆದುವಾದ ಬೆರಳಿಗೂ ಗಡುಸಾದ ಲೋಹಕ್ಕೂ ಇರುವ ನಾದಭೇದವನ್ನು ಈ ತತ್ತ್ವದಿಂದಲೇ ವಿವರಿಸಿದ್ದನು.

ಆಕಾರಕ್ಕಿಂತಲೂ ಸೂಕ್ಷ್ಮವಾದುದು ಕಾಲ. ಬೆರಳ ಮಾಂಸವು ತಂತಿಯನ್ನು ಒಮ್ಮೆಗೇ ಬಿಡದೆ, ತಾನು ಬಾಗಿ, ಜಾರಿ, ಹಂತಹಂತವಾಗಿ ಬಿಡುತ್ತದೆ. ಈ ಜಾರುವಿಕೆಗೆ ಸೆಕೆಂಡಿನ ಸಾವಿರದೊಂದು ಭಾಗ ಹಿಡಿಯಿತೆಂದು ಇಟ್ಟುಕೊಳ್ಳೋಣ; ಅಷ್ಟರಲ್ಲಿ, ಸೆಕೆಂಡಿಗೆ ಐದು ಸಾವಿರ ಸಲ ಕಂಪಿಸಬೇಕಾದ ಉಪಸ್ವರವು ಐದು ಆವರ್ತಗಳನ್ನು ಮುಗಿಸುವಷ್ಟು ಕಾಲ ಕಳೆದಿರುತ್ತದೆ, ಆ ನಿಧಾನವಾದ ಬಿಡುಗಡೆಯಿಂದ ಅದಕ್ಕೆ ಬೇಕಾದ ಚುರುಕು ಏಟು ದೊರೆಯುವುದೇ ಇಲ್ಲ. ಅದೇ ಬಿಡುಗಡೆಯು ಹತ್ತರಷ್ಟು ಬೇಗನೆ ನಡೆದರೆ ಆ ಉಪಸ್ವರವೂ ಎಚ್ಚರಗೊಳ್ಳುತ್ತದೆ. ಗಡುಸಾದ, ನುಣುಪಾದ, ಅಂಚು ಕಿರಿದಾದ ನಖಿಯಿಂದ ನಾದ ಉಜ್ಜ್ವಲವಾಗುವುದೂ, ಮೆದುವಾದ, ಒರಟಾದ, ಅಗಲವಾದ ನಖಿಯಿಂದ ನಾದ ಮಂದವಾಗುವುದೂ ಬಹುಮಟ್ಟಿಗೆ ಈ ಕಾರಣದಿಂದ.

ದಿಕ್ಕಿನ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ವಾದ್ಯದ ಹಲಗೆಗೆ ಸಮಾನಾಂತರವಾಗಿ ತಂತಿಯನ್ನು ಎಳೆದು ಬಿಟ್ಟರೆ ಅದರ ಶಕ್ತಿ ಹಲಗೆಗೆ ನಿಧಾನವಾಗಿ ಸೋರಿ, ನಾದ ಸಣ್ಣದಾದರೂ ಬಹುಕಾಲ ನಿಲ್ಲುತ್ತದೆ. ಹಲಗೆಯ ಕಡೆಗೆ ಒತ್ತಿ ಬಿಟ್ಟರೆ ಶಕ್ತಿ ಒಮ್ಮೆಗೇ ಹಲಗೆಗೆ ಹರಿದು, ನಾದ ದೊಡ್ಡದಾಗಿ ಹುಟ್ಟಿ ಬೇಗನೆ ಆರುತ್ತದೆ. ನಖಿಯನ್ನು ಹಿಡಿಯುವ ಓರೆಯು ಈ ಎರಡರ ಪ್ರಮಾಣವನ್ನು ನಿರ್ಣಯಿಸುತ್ತದೆ.

ಮೀಟುವ ಸ್ಥಾನ ಮತ್ತು ಕುದುರೆಯ ಪ್ರತಿವಾದ

ಒಂದೇ ನಖಿಯಿಂದ ತಂತಿಯ ಬೇರೆ ಬೇರೆ ಸ್ಥಾನಗಳಲ್ಲಿ ಮೀಟಿದರೂ ನಾದಗುಣ ಬದಲಾಗುವುದೆಂಬುದನ್ನು ವಾದ್ಯವನ್ನು ಕೈಯಲ್ಲಿ ಹಿಡಿದವರೆಲ್ಲರೂ ಬಲ್ಲರು. ಇದಕ್ಕೆ ಕಾರಣವನ್ನು ಇಂಗ್ಲೆಂಡಿನ ಥಾಮಸ್ ಯಂಗ್ 1800ರಲ್ಲಿ ತೋರಿಸಿಕೊಟ್ಟನು. ಪ್ರತಿಯೊಂದು ಉಪಸ್ವರವೂ ತಂತಿಯ ಮೇಲೆ ಕೆಲವು ನಿಶ್ಚಲ ಬಿಂದುಗಳನ್ನು ಇರಿಸಿಕೊಂಡು ಕಂಪಿಸುತ್ತದೆ. ಯಾವ ಉಪಸ್ವರದ ನಿಶ್ಚಲ ಬಿಂದುವಿನಲ್ಲಿ ತಂತಿಯನ್ನು ಮೀಟುತ್ತೇವೆಯೋ ಆ ಉಪಸ್ವರ ಹುಟ್ಟುವುದೇ ಇಲ್ಲ. ತಂತಿಯ ನಟ್ಟನಡುವೆ ಮೀಟಿದರೆ ಎರಡನೆಯದು, ನಾಲ್ಕನೆಯದು, ಆರನೆಯದು ಹೀಗೆ ಸಮಸಂಖ್ಯೆಯ ಉಪಸ್ವರಗಳೆಲ್ಲವೂ ಲೋಪವಾಗಿ ನಾದ ಟೊಳ್ಳಾಗುತ್ತದೆ. ಗಿಟಾರಿನ ಕುದುರೆಯಿಂದ 13 ಸೆಂಟಿಮೀಟರು ದೂರದಲ್ಲಿ, ಅಂದರೆ ತಂತಿಯ ಐದನೆಯ ಒಂದು ಭಾಗದಲ್ಲಿ ಮೀಟಿದರೆ ಐದನೆಯದೂ ಹತ್ತನೆಯದೂ ಲೋಪವಾಗುತ್ತವೆ. ಕುದುರೆಗೆ ಸಮೀಪಿಸಿದಷ್ಟೂ ಲೋಪವಾಗುವ ಉಪಸ್ವರಗಳ ಕ್ರಮಸಂಖ್ಯೆ ಮೇಲಕ್ಕೆ ಸರಿದು, ಮೂಲಸ್ವರದ ಪಾಲು ತಗ್ಗಿ, ನಾದ ತೀಕ್ಷ್ಣವಾಗುತ್ತದೆ. ಹೊಸ ನಖಿಯನ್ನು ಪರೀಕ್ಷಿಸುವವನು ತನಗೆ ತಿಳಿಯದೆಯೇ ಎರಡು ಸೆಂಟಿಮೀಟರು ಆಚೀಚೆ ಕೈ ಸರಿಸಿಬಿಟ್ಟರೆ, ಸ್ಥಾನದಿಂದ ಬಂದ ಭೇದವನ್ನು ನಖಿಯ ಗುಣವೆಂದು ಎಣಿಸಿಬಿಡುವ ಅಪಾಯ ಇಲ್ಲಿ ಉಂಟು.

ಯಂಗನ ನಿಯಮ ಪಾಶ್ಚಾತ್ಯ ವಾದ್ಯಗಳ ಮಟ್ಟಿಗೆ ಒಂದು ಶತಮಾನಕ್ಕೂ ಮಿಕ್ಕಿ ನಿರಪವಾದವಾಗಿ ನಿಂತಿತು. ಅದಕ್ಕೆ ಅಪವಾದವನ್ನು ಕಂಡವರು, ಕಲ್ಕತ್ತೆಯ ವಿಜ್ಞಾನಸಂಸ್ಥೆಯಲ್ಲಿ ಸಂಶೋಧನೆ ನಡೆಸುತ್ತಿದ್ದು, ಮುಂದೆ 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಚಂದ್ರಶೇಖರ ವೆಂಕಟ ರಾಮನ್ನರು. ತಂಬೂರಿ ಮತ್ತು ವೀಣೆಗಳನ್ನು ಕುರಿತು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಎತ್ತಿ ತೋರಿಸಿದ ಸಂಗತಿ ಇದು: ತಂಬೂರಿಯ ತಂತಿಯನ್ನು ಯಾವ ಉಪಸ್ವರದ ನಿಶ್ಚಲ ಬಿಂದುವಿನಲ್ಲಿ ಮೀಟಿದರೂ ಆ ಉಪಸ್ವರ ನಾದದಲ್ಲಿ ಸ್ಫುಟವಾಗಿ ಕೇಳಿಬರುತ್ತದೆ. ಕಾರಣವು ಕುದುರೆಯಲ್ಲಿದೆ. ಗಿಟಾರಿನ ತಂತಿ ಕಿರಿದಾದ ಅಂಚೊಂದರ ಮೇಲೆ ಕುಳಿತು ಅಲ್ಲಿಂದ ನೇರವಾಗಿ ಹೊರಡುತ್ತದೆ. ತಂಬೂರಿಯ ಕುದುರೆಯಾದರೋ ಅಗಲವಾಗಿದ್ದು, ಅದರ ಮೈ ಅತಿ ಸಾವಕಾಶವಾಗಿ ಇಳಿಜಾರಾಗಿರುವುದರಿಂದ, ಕಂಪಿಸುವ ತಂತಿಯು ಆವರ್ತವೊಂದಕ್ಕೊಮ್ಮೆ ಆ ಮೈಯನ್ನು ತಟ್ಟಿ ಹೊಸ ಹೊಸ ಉಪಸ್ವರಗಳನ್ನು ಸೃಷ್ಟಿಸುತ್ತಾ ಹೋಗುತ್ತದೆ. ಜವಾರಿಯೆಂದು ಹೆಸರಾದ ಈ ಸಂಸ್ಕಾರ ಮಿರಜದ ಕುಶಲಿಗಳು ಕುದುರೆಯ ಮೈಯನ್ನು ಕೂದಲೆಳೆಯಷ್ಟು ಉಜ್ಜಿ, ಕೇಳಿ, ಮತ್ತೆ ಉಜ್ಜಿ ಸಾಧಿಸುವ ವಿದ್ಯೆ.

ಈ ಶೋಧದಿಂದ ನಖಿಯ ವಿಚಾರಕ್ಕೆ ಒಂದು ದೊಡ್ಡ ಬೆಳಕು ದೊರೆಯುತ್ತದೆ. ಗಿಟಾರಿನಲ್ಲಿ ಬಿಡುಗಡೆಯ ಕ್ಷಣದಲ್ಲಿ ಹುಟ್ಟದ ಉಪಸ್ವರ ಮುಂದೆಂದೂ ಹುಟ್ಟದು. ಆದಕಾರಣ ಉಜ್ಜ್ವಲತೆಯ ಹೊಣೆಯೆಲ್ಲವೂ ನಖಿಯ ಮೇಲೆ ಬೀಳುತ್ತದೆ. ತಂಬೂರಿಯಲ್ಲಿ ಆ ಹೊಣೆಯನ್ನು ಕುದುರೆಯು ವಹಿಸಿಕೊಂಡಿರುವುದರಿಂದ, ಬೆರಳ ಪಕ್ಕದ ಮೆದುವಾದ ಮಾಂಸದಿಂದ, ಏಟಿನ ಸದ್ದೇ ಕೇಳದಂತೆ ಸವರಿದರೂ ಉಪಸ್ವರಗಳ ಸಂಪತ್ತಿಗೆ ಕೊರತೆಯಾಗುವುದಿಲ್ಲ. ಗಡುಸಾದ ನಖಿಯಿಂದ ಅಲ್ಲಿ ಲಾಭಕ್ಕಿಂತ ಹಾನಿಯೇ ಹೆಚ್ಚು, ಏಕೆಂದರೆ ಗಾಯಕನ ಆಧಾರಶ್ರುತಿಯಲ್ಲಿ ಪ್ರತಿಯೊಂದು ಮೀಟಿನ ಆರಂಭವೂ ಎದ್ದು ಕಾಣುವಂತಾದರೆ ಶ್ರುತಿಯ ಅಖಂಡತೆ ಕೆಡುತ್ತದೆ. ಬೆರಳು ಸಾಕೆಂಬ ತಂಬೂರಿಯ ನಿಯಮವು ಹೀಗೆ ಕುದುರೆಯ ಅಗಲದಿಂದ ಹೊರಟ ನಿಯಮ.

ನಾಲ್ಕು ನಖಿಗಳು

ಸಿತಾರಿನ ಕುದುರೆಗೂ ಜವಾರಿಯುಂಟು. ಆದರೂ ಅಲ್ಲಿ ಬೆರಳು ಸಾಲದು. ಸಿತಾರಿನ ನಾದ ಆಧಾರವಾಗಿ ನಿಂತರೆ ಮುಗಿಯಲಿಲ್ಲ, ಅದು ಮಾತನಾಡಬೇಕು. ಒಳಮುಖವಾದ ದಾ, ಹೊರಮುಖವಾದ ರಾ ಎಂಬ ಏಟುಗಳು ಝಾಲಾ ಎಂಬ ಅತಿವೇಗದ ವಾದನದಲ್ಲಿಯೂ ಅಕ್ಷರಗಳಂತೆ ಬೇರೆ ಬೇರೆಯಾಗಿ ಕೇಳಬೇಕು. ಅದಕ್ಕಾಗಿ ಬಾಗದ, ಸವೆಯದ, ಎರಡೂ ದಿಕ್ಕಿಗೆ ಒಂದೇ ಸಮನಾದ ಬಿಡುಗಡೆಯನ್ನು ಕೊಡುವ ಉಕ್ಕಿನ ಸರಿಗೆಯನ್ನು ಬಗ್ಗಿಸಿ ಮಾಡಿದ ಮಿಜರಾಬನ್ನು ಬಲಗೈಯ ತೋರುಬೆರಳಿಗೆ ತೊಡುತ್ತಾರೆ. ಉಕ್ಕು ಕಂಪನವನ್ನು ತನ್ನೊಳಗೆ ನುಂಗುವುದು ಅತ್ಯಲ್ಪವಾದುದರಿಂದ ತಂತಿಗೆ ಸಲ್ಲಬೇಕಾದ ಶಕ್ತಿ ನಖಿಯಲ್ಲಿ ಪೋಲಾಗುವುದಿಲ್ಲ. ಗಡುಸುತನದಿಂದ ಬರಬಹುದಾದ ಕರ್ಕಶತೆಯನ್ನು ಬೆರಳ ಗೆಣ್ಣುಗಳ ಬಳುಕು ತಗ್ಗಿಸುತ್ತದೆ. ಅಂದರೆ ಬಾಗುವ ಕೆಲಸವನ್ನು ಇಲ್ಲಿ ನಖಿಯ ಬದಲು ಬೆರಳು ಮಾಡುತ್ತದೆ. ರಹಿಮತ್ ಖಾನರ ಮೊಮ್ಮಗ ಬಾಲೇಖಾನರ ಸಿತಾರನ್ನು ಕೇಳಿದವರಿಗೆ, ಉಕ್ಕಿನಿಂದ ಮೀಟಿದ ಉಕ್ಕಿನ ತಂತಿ ಎಷ್ಟು ಮೃದುವಾಗಬಲ್ಲುದೆಂಬುದನ್ನು ವಿವರಿಸಬೇಕಾಗಿಲ್ಲ.

ಮೇಲಿನ ನಾಲ್ಕರಲ್ಲಿ ಸೇರದ ಸರೋದೆಂಬ ತಂತಿವಾದ್ಯದ್ದು ಬೇರೆ ಸಮಾಧಾನ. ಅದರ ಹೊಟ್ಟೆಗೆ ಬಿಗಿದಿರುವುದು ಚರ್ಮ, ಬೆರಳಾಡುವುದು ಮೆಟ್ಟಿಲುಗಳಿಲ್ಲದ ಲೋಹದ ಪಟ್ಟಿಯ ಮೇಲೆ; ನಾದ ಸಿತಾರಿನಷ್ಟು ಹೊತ್ತು ನಿಲ್ಲದು. ಆದುದರಿಂದ ಏಟು ತೂಕವುಳ್ಳದ್ದಾಗಿರಬೇಕು. ತೆಂಗಿನ ಚಿಪ್ಪನ್ನು ಮುಕ್ಕೋನವಾಗಿ ತೇದು, ಅಂಚನ್ನು ಕನ್ನಡಿಯ ನುಣುಪಿಗೆ ತಂದು ಮಾಡುವ ಜವಾ ಆ ತೂಕವನ್ನು ಕೊಡುತ್ತದೆ. ಕನ್ನಡನಾಡಿನಲ್ಲಿ ಈ ವಾದ್ಯಕ್ಕೆ ಮನೆಮಾತಿನ ಮನ್ನಣೆ ತಂದವರು ಅಲೀ ಅಕ್ಬರ್ ಖಾನರ ಶಿಷ್ಯರೂ ಸಾಹಿತ್ಯವಿಮರ್ಶಕರೂ ಆಗಿದ್ದ ರಾಜೀವ ತಾರಾನಾಥರು (1932–2024).

ಚೌಡಿಕೆಯ ರಚನೆಯನ್ನು ವಿಜ್ಞಾನದ ಕಣ್ಣಿನಿಂದ ನೋಡಿದವರು ವಿರಳ. ಆದರೆ ನಖಿಯ ಅವಶ್ಯಕತೆ ಅಲ್ಲಿರುವಷ್ಟು ನಿಚ್ಚಳವಾಗಿ ಬೇರೆಲ್ಲಿಯೂ ಕಾಣದು. ಟೊಳ್ಳು ಮಾಡಿದ ಮರದ ಉರುಟು ಒಡಲು, ಅದರ ಒಂದು ಬಾಯಿಗೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ಬಿರಡೆಗೆ ಏರುವ ಒಂದೇ ತಂತಿ. ಗಿಟಾರಿನಲ್ಲಾಗಲಿ ಸಿತಾರಿನಲ್ಲಾಗಲಿ ತಂತಿಯು ಹಲಗೆಯ ಮೇಲೆ ಮಲಗಿರುವುದರಿಂದ ಅದರ ಓಲಾಟವು ಕುದುರೆಯ ಮೂಲಕ ನೇರವಾಗಿ ಹಲಗೆಗೆ ತಲುಪುತ್ತದೆ. ಚೌಡಿಕೆಯ ತಂತಿಯಾದರೋ ಚರ್ಮಕ್ಕೆ ಬಹುಮಟ್ಟಿಗೆ ಲಂಬವಾಗಿ ನಿಂತಿರುತ್ತದೆ; ಅದು ಆಚೀಚೆ ಓಲಾಡುವಾಗ ಅದರ ಬಿಗಿತದಲ್ಲಾಗುವ ಏರಿಳಿತವೇ ಚರ್ಮವನ್ನು ಎಳೆದು ಬಿಡಬೇಕು. ಈ ಏರಿಳಿತದ ಗಣಿತ ವಿಲಕ್ಷಣವಾದುದು: ತಂತಿಯನ್ನು ಎರಡರಷ್ಟು ದೂರ ಎಳೆದು ಬಿಟ್ಟರೆ ಬಿಗಿತದ ಏರಿಳಿತ ನಾಲ್ಕರಷ್ಟಾಗುತ್ತದೆ, ಅರ್ಧಕ್ಕೆ ಇಳಿಸಿದರೆ ಕಾಲು ಭಾಗಕ್ಕೆ ಕುಸಿಯುತ್ತದೆ. ಎಂದರೆ ಮೆಲ್ಲಗೆ ಮೀಟಿದ ಚೌಡಿಕೆ ಬಹುಪಾಲು ಮೂಕವೇ. ದೂರಕ್ಕೆ ಎಳೆದು ಥಟ್ಟನೆ ಬಿಟ್ಟಾಗ ಮಾತ್ರ ಬಯಲಿನಲ್ಲಿ, ಹಾಡಿನ ನಡುವೆ, ಜಾತ್ರೆಯ ಗದ್ದಲದಲ್ಲಿ ಅದು ಕೇಳಿಸುವುದು. ಅಷ್ಟು ದೂರ ಎಳೆಯಲು ಬೆರಳ ಮಾಂಸಕ್ಕೆ ಸಹನೆ ಸಾಲದು, ತೆಳುವಾದ ನಖಿಯು ತಾನೇ ಬಾಗಿ ಮಧ್ಯದಲ್ಲಿಯೇ ತಂತಿಯನ್ನು ಕೈಬಿಡುತ್ತದೆ. ಬಾಗದ ಮರದ ಕಡ್ಡಿಯೇ ಅಲ್ಲಿಗೆ ಯೋಗ್ಯ. ಶಾಸ್ತ್ರಗ್ರಂಥಗಳ ನೆರವಿಲ್ಲದೆ ಜೋಗತಿಯರ ಪರಂಪರೆಯು ಕಂಡುಕೊಂಡ ಉತ್ತರಕ್ಕೆ ಭೌತಶಾಸ್ತ್ರದ ಸಮರ್ಥನೆ ಪೂರ್ಣವಾಗಿದೆ.

ಗಿಟಾರಿನ ಪಿಕ್ಕಿನ ಚರಿತ್ರೆ ಪದಾರ್ಥಗಳ ಚರಿತ್ರೆಯೇ ಆಗಿದೆ. ಹಿಂದೆ ಅದಕ್ಕೆ ಅತ್ಯುತ್ತಮವೆನಿಸಿದ್ದುದು ಹಾಕ್ಸ್‌ಬಿಲ್ ಎಂಬ ಕಡಲಾಮೆಯ ಚಿಪ್ಪು. ಅದು ಕೆರಟಿನ್ನಿನಿಂದ ಆದುದು; ನಮ್ಮ ಉಗುರೂ, ದನದ ಕೋಡೂ ಅದೇ ಪದಾರ್ಥದವು. ಎಂದರೆ ವಾದಕನು ತನ್ನ ಉಗುರನ್ನೇ ಹೆಚ್ಚು ದಪ್ಪವಾಗಿ, ಮುರಿದರೂ ನೋಯದಂತೆ, ಆಮೆಯಿಂದ ಕಡ ತಂದುಕೊಂಡಿದ್ದನೆನ್ನಬೇಕು. ಸೆಲ್ಯುಲಾಯ್ಡ್ ಎಂಬ ಕೃತಕ ವಸ್ತುವನ್ನು ಅಮೆರಿಕದ ಹಯಟ್ 1870ರ ಸುಮಾರಿಗೆ ರೂಪಿಸಿದ ಬಳಿಕ, 1922ರಲ್ಲಿ ನ್ಯೂಯಾರ್ಕಿನ ಲೂಯಿಜಿ ಡಿ’ಆಂಡ್ರಿಯಾ ಅದರ ಹಾಳೆಗಳಿಂದ ಪಿಕ್ಕುಗಳನ್ನು ಕತ್ತರಿಸಿ ಮಾರತೊಡಗಿದನು; ದುಂಡಗಾದ ಎರಡು ಮೂಲೆ, ಚೂಪಾದ ಒಂದು ತುದಿಯುಳ್ಳ ಇಂದಿನ ಪರಿಚಿತ ಆಕಾರ ಆ ಮನೆತನದ ಅಚ್ಚುಗಳಿಂದಲೇ ಲೋಕಕ್ಕೆ ಹಬ್ಬಿದುದು. ಅಳಿವಿನಂಚಿಗೆ ಬಂದ ಕಡಲಾಮೆಯ ಚಿಪ್ಪಿನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1970ರ ದಶಕದಲ್ಲಿ ನಿಷೇಧ ಬಿದ್ದಿತು. ನಮ್ಮ ದೇಶದಲ್ಲಿಯೂ ಆ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿದೆ. ಈಗ ಬೆಳಗಾವಿಯ ಅಥವಾ ಕೊಲ್ಲಾಪುರದ ವಾದ್ಯದಂಗಡಿಯಲ್ಲಿ ಕೈಗೆ ಸಿಗುವುದು ಸೆಲ್ಯುಲಾಯ್ಡ್, ನೈಲಾನ್, ಅಸಿಟಾಲ್ ಎಂಬ ಮೂರು ಜಾತಿಯವು. ಅಂಗಡಿಯವನು ಅವುಗಳನ್ನು ಬಣ್ಣದಿಂದ ಗುರುತಿಸಿ ಕೊಡುತ್ತಾನೆ. ಬಣ್ಣದ ಹಿಂದಿರುವುದು ದಪ್ಪದ ಅಳತೆ.

ದಪ್ಪದ ಲೆಕ್ಕ

ಆ ಅಳತೆಗಳನ್ನು ನೋಡಿದರೆ ಮೊದಲಿಗೆ ನಗು ಬರಬಹುದು. 0.50, 0.60, 0.73, 0.88, 1.0, 1.14 ಮಿಲಿಮೀಟರು ಎಂದು ಕೂದಲೆಳೆಯಷ್ಟು ಅಂತರದಲ್ಲಿ ಶ್ರೇಣೀಕೃತವಾದ ತುಣುಕುಗಳಲ್ಲಿ ಭೇದವಾದರೂ ಏನು? ಭೇದವು ಒಂದು ನಿಯಮದಲ್ಲಿದೆ. ತೆಳುವಾದ ಹಲಗೆಯೊಂದರ ಬಾಗಲೊಲ್ಲದ ಗುಣವು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಎರಡರಷ್ಟಾದರೆ ಪೆಡಸುತನ ಎಂಟರಷ್ಟು. ಹೀಗಾಗಿ 0.50ರ ಪಿಕ್ಕಿಗಿಂತ 1.0ರ ಪಿಕ್ಕು ಎಂಟು ಪಾಲು ಪೆಡಸು, 0.73ಕ್ಕೂ 0.88ಕ್ಕೂ ನಡುವಿನ, ಕಣ್ಣಿಗೆ ಕಾಣದ ಅಂತರವೇ ಪೆಡಸುತನವನ್ನು ಮುಕ್ಕಾಲು ಪಾಲು ಹೆಚ್ಚಿಸಿಬಿಡುತ್ತದೆ.

ತೆಳುವಾದ ಪಿಕ್ಕು ತಂತಿಯ ಎದುರು ಬಾಗುವುದರಿಂದ, ಕೈ ಎಷ್ಟು ಜೋರಾಗಿ ಬೀಸಿದರೂ ತಂತಿಯು ಒಂದು ಮಿತಿಗಿಂತ ದೂರಕ್ಕೆ ಎಳೆಯಲ್ಪಡುವುದಿಲ್ಲ. ಆರೂ ತಂತಿಗಳನ್ನು ಒಟ್ಟಿಗೆ ಸವರಿ ಹಾಡಿಗೆ ಲಯ ಕೊಡುವವನಿಗೆ ಇದೊಂದು ಅನುಗ್ರಹ. ಏಟುಗಳು ತಾವಾಗಿಯೇ ಸಮನಾಗುತ್ತವೆ, ಬಾಗಿದ ಪಿಕ್ಕು ಹಿಂದಿರುಗುವಾಗಿನ ಚಟಚಟ ಸದ್ದೂ ತಾಳವಾದ್ಯದ ಕೆಲಸ ಮಾಡುತ್ತದೆ. ಒಂದೊಂದೇ ಸ್ವರವನ್ನು ನುಡಿಸುವವನಿಗಾದರೋ ಅದೇ ಗುಣ ಬಂಧನ. ಕೈಯ ಇಂಗಿತಕ್ಕೂ ತಂತಿಯ ಬಿಡುಗಡೆಗೂ ನಡುವೆ ಬಾಗುವ ಕಾಲವೊಂದು ಅಡ್ಡಬರುತ್ತದೆ, ಮೆಲ್ಲಗೆ ನುಡಿದದ್ದೂ ಜೋರಾಗಿ ನುಡಿದದ್ದೂ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ. ದಪ್ಪವಾದ ಪಿಕ್ಕು ಕೈಯ ಮಾತನ್ನು ಕೂಡಿಸದೆ ಕಳೆಯದೆ ತಂತಿಗೆ ಮುಟ್ಟಿಸುವುದರಿಂದ ಅದಕ್ಕೆ ತಕ್ಕ ಸಂಯಮವನ್ನು ಕೈಯಿಂದ ಬೇಡುತ್ತದೆ.

ಇಲ್ಲಿ ಪಟ್ಟಿಯಲ್ಲಿ ಕಾಣದ ಇನ್ನೊಂದು ಘನನಿಯಮವಿದೆ. ಬೆರಳುಗಳ ಹಿಡಿತದಿಂದ ಹೊರಗೆ ಚಾಚಿದ ತುದಿಯ ಉದ್ದ ಕಡಿಮೆಯಾದಷ್ಟೂ ಅದೇ ಪಿಕ್ಕು ಹೆಚ್ಚು ಪೆಡಸಾಗುತ್ತದೆ, ಅದೂ ಉದ್ದದ ಘನದ ಪ್ರಮಾಣದಲ್ಲಿಯೇ. ಹತ್ತು ಮಿಲಿಮೀಟರು ಚಾಚಿದ್ದ ತುದಿಯನ್ನು ಎಂಟಕ್ಕೆ ಇಳಿಸಿ ಹಿಡಿದರೆ ಪೆಡಸುತನ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 0.73ರಿಂದ 0.88ಕ್ಕೆ ಹೋಗಲು ಅಂಗಡಿಗೆ ನಡೆಯುವವನು ಬೆರಳನ್ನು ಎರಡು ಮಿಲಿಮೀಟರು ಕೆಳಕ್ಕೆ ಸರಿಸಿದ್ದರೆ ಅದಕ್ಕಿಂತ ದೊಡ್ಡ ವ್ಯತ್ಯಾಸವನ್ನು ಮನೆಯಲ್ಲಿಯೇ ಪಡೆಯುತ್ತಿದ್ದನು. ನುರಿತ ವಾದಕರು ಒಂದೇ ಪಿಕ್ಕಿನಿಂದ ಹಾಡಿನ ನಡುವೆಯೇ ನಾದವನ್ನು ಬದಲಿಸುವ ರಹಸ್ಯಗಳಲ್ಲಿ ಇದು ಮುಖ್ಯವಾದುದು. ಹಿಡಿತವೆಂಬುದು ನಖಿಯನ್ನು ಬೀಳದಂತೆ ಕಾಯುವ ಉಪಾಯವಷ್ಟೇ ಎಂದು ಭಾವಿಸುವವರು ಈ ಲೆಕ್ಕವನ್ನು ಗಮನಿಸಬೇಕು; ಹಿಡಿಯುವ ಕೈಯೂ ನಖಿಯ ಒಂದು ಭಾಗ.

ಹಿಡಿತ

ಮಿಜರಾಬು ತೊಡುವ ವಸ್ತುವಾದುದರಿಂದ ಹಿಡಿತದ ಪ್ರಶ್ನೆಯು ಅಲ್ಲಿ ಅಳತೆಯ ಪ್ರಶ್ನೆಯಾಗಿ ಮಾರ್ಪಡುತ್ತದೆ: ಸಡಿಲವಾದರೆ ಏಟಿಗೆ ತಿರುಗುತ್ತದೆ, ಬಿಗಿಯಾದರೆ ರಕ್ತಸಂಚಾರಕ್ಕೆ ತಡೆಯಾಗಿ ಬೆರಳು ಮರಗಟ್ಟುತ್ತದೆ. ಪಿಕ್ಕನ್ನೂ ಜವಾವನ್ನೂ ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಹಿಡಿಯಬೇಕು. ಅಲ್ಲಿ ಘರ್ಷಣೆಯೇ ಸರ್ವಸ್ವ. ತಂತಿಯು ಏಟಿನೇಟಿಗೂ ತುದಿಯನ್ನು ಒಂದು ಕಡೆಗೆ ನೂಕುವುದರಿಂದ ಪಿಕ್ಕು ಜಾರುವುದಕ್ಕಿಂತ ಮೊದಲು ತಿರುಗಲು ಹವಣಿಸುತ್ತದೆ. ಅಗಲವಾದ ಪಿಕ್ಕು ಈ ತಿರುಗುವಿಕೆಯನ್ನು ಹೆಚ್ಚು ದೂರದ ಬಿಂದುಗಳಲ್ಲಿ ಎದುರಿಸುವುದರಿಂದ ಕಡಿಮೆ ಒತ್ತಡದಲ್ಲಿಯೇ ನಿಲ್ಲುತ್ತದೆ.

ಒಣಗಿದ ಘನವಸ್ತುಗಳ ಘರ್ಷಣೆ ಅವು ಮುಟ್ಟಿರುವ ವಿಸ್ತಾರವನ್ನು ಅವಲಂಬಿಸದೆಂಬ, 1699ರಷ್ಟು ಹಳೆಯದಾದ ಆಮೊಂಟನ್ನನ ನಿಯಮವು ಬೆರಳ ಚರ್ಮಕ್ಕೆ ಸಲ್ಲದು. ಚರ್ಮ ಮೆದು, ತುಸು ತೇವವಾದಾಗ ಅದು ಇನ್ನೂ ಮೆದುವಾಗಿ, ವಸ್ತುವಿನ ಸೂಕ್ಷ್ಮವಾದ ಏರುತಗ್ಗುಗಳಿಗೆ ಒಗ್ಗಿ ಕುಳಿತು ಹಿಡಿತವನ್ನು ಹೆಚ್ಚಿಸುತ್ತದೆ, ಬೆವರು ಇನ್ನೂ ಏರಿ ನಡುವೆ ನೀರಿನ ಪೊರೆಯೇ ನಿಂತರೆ ಹಿಡಿತ ಒಮ್ಮೆಗೇ ಕುಸಿಯುತ್ತದೆ. ಆದುದರಿಂದ ಗೋಕಾಕದ ಬೇಸಗೆಯ ಒಣಹವೆಯಲ್ಲಿ ಜಾರುವ ಪಿಕ್ಕಿಗೂ, ಘಟ್ಟದ ಮಳೆಗಾಳಿ ಬೀಸುವ ಆಷಾಢದಲ್ಲಿ ಬೆವರಿನಿಂದ ಜಾರುವ ಪಿಕ್ಕಿಗೂ ಮದ್ದು ಒಂದೇ ಅಲ್ಲ. ಮೊದಲನೆಯದಕ್ಕೆ ಬೆರಳನ್ನು ಸ್ವಲ್ಪ ತೇವಗೊಳಿಸಿದರೆ ಸಾಕು. ಎರಡನೆಯದಕ್ಕೆ ನೀರು ಹರಿದುಹೋಗಲು ದಾರಿ ಬೇಕು. ಪಿಕ್ಕಿನ ಮೈಮೇಲಿನ ಉಬ್ಬುಗೆರೆಗಳು, ಅಚ್ಚೊತ್ತಿದ ಅಕ್ಷರಗಳು, ನಡುವಿನ ರಂಧ್ರ ಇವೆಲ್ಲವೂ ಈ ದಾರಿಯೇ. ಸರೋದುವಾದಕರು ಜವಾದ ಹಿಡಿಯುವ ತುದಿಗೆ ಮೇಣ ಬಳಿದು ದಾರ ಸುತ್ತುವುದರ ಮರ್ಮವೂ ಇದೇ.

ಹಿಡಿತಕ್ಕೆ ರಬ್ಬರಿನಂತಹ ವಸ್ತು ಮತ್ತೊಂದಿಲ್ಲ. ಅದು ಚರ್ಮಕ್ಕಿಂತಲೂ ಚೆನ್ನಾಗಿ ಏರುತಗ್ಗುಗಳಿಗೆ ಒಗ್ಗುತ್ತದೆ. ಸರಕಾರಿ ಸ್ವಾಮ್ಯದ ಹಿಂದೂಸ್ತಾನ್ ಲ್ಯಾಟೆಕ್ಸ್ (ಈಗ ಎಚ್‌ಎಲ್‌ಎಲ್ ಲೈಫ್‌ಕೇರ್) ಸಂಸ್ಥೆಯ ಕಾರ್ಖಾನೆ 1985ರಿಂದ ನೆಲೆಗೊಂಡಿರುವ ಕಣಗಲಾದ ಜನರಿಗೆ, ರಬ್ಬರಿನ ಹಾಲು ಎಷ್ಟು ತೆಳುವಾದ ಪೊರೆಯಾಗಿಯೂ ತನ್ನ ಎಳೆತವನ್ನು ಕಳೆದುಕೊಳ್ಳದೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಸೈಕಲ್ಲಿನ ಹಳೆಯ ಟ್ಯೂಬಿನ ಸಣ್ಣ ತುಂಡನ್ನು ಪಿಕ್ಕಿನ ಎರಡೂ ಮೈಗಳಿಗೆ ಅಂಟಿಸಿಕೊಂಡರೆ ಬೆರಳುಗಳನ್ನು ಅರ್ಧದಷ್ಟು ಸಡಿಲಿಸಿಯೂ ಅದು ಅಲುಗದೆ ನಿಲ್ಲುವುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಸಡಿಲವಾಗಿ ಹಿಡಿಯುವುದು ಆರಾಮದ ಮಾತಷ್ಟೇ ಅಲ್ಲ. ಬೆರಳನ್ನು ಬಿಗಿದವನ ಮಣಿಕಟ್ಟೂ ಮುಂಗೈಯೂ ಬಿಗಿಯಾಗಿ, ವೇಗ ಕುಂದಿ, ಏಟು ಒರಟಾಗುತ್ತದೆ.

ಋತುವು ಪದಾರ್ಥವನ್ನೂ ಬಿಡುವುದಿಲ್ಲ. ನೈಲಾನ್ ಗಾಳಿಯ ತೇವವನ್ನು ಹೀರುವ ವಸ್ತು. ನೀರಿನಲ್ಲಿ ಮುಳುಗಿಸಿಟ್ಟರೆ ತನ್ನ ತೂಕದ ನೂರಕ್ಕೆ ಸುಮಾರು ಎಂಟು ಪಾಲಿನವರೆಗೂ ಹೀರಿ ಮೆದುವಾಗುತ್ತದೆ. ಅಸಿಟಾಲ್ ಹೀರುವುದು ನೂರಕ್ಕೆ ಒಂದು ಪಾಲಿನ ಒಳಗೆ. ಬೇಸಗೆಯಲ್ಲಿ ಚುರುಕಾಗಿದ್ದ ನೈಲಾನ್ ಪಿಕ್ಕು ಮಳೆಗಾಲದಲ್ಲಿ ಸೋಮಾರಿಯಾಯಿತೆಂದು ತೋರಿದರೆ ಅದು ವಾದಕನ ಭ್ರಮೆಯಲ್ಲ.

ಆರಿಸುವ ಕ್ರಮ

ಇಷ್ಟನ್ನೂ ತಿಳಿದ ಮೇಲೆ, ಹೊಸದಾಗಿ ಗಿಟಾರು ಕೊಂಡ ಕಣಗಲಾದ ವಿದ್ಯಾರ್ಥಿಯೊಬ್ಬನು ತನಗೆ ಸರಿಯಾದ ನಖಿಯನ್ನು ಆರಿಸುವ ಕ್ರಮ ಹೇಗಿರಬೇಕು? ಮೊದಲು ಹಿಡಿತವನ್ನು ನಿಶ್ಚಯಿಸಬೇಕು. ಜಾರುವ ಪಿಕ್ಕಿನಿಂದ ಮಾಡಿದ ಪರೀಕ್ಷೆ ಜಾರುವಿಕೆಯ ಪರೀಕ್ಷೆಯಾಗುವುದೇ ಹೊರತು ನಾದದ್ದಾಗದು. ಬಳಿಕ ಮೀಟುವ ಸ್ಥಾನವನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಂಡು, ಪಿಕ್ಕಿನ ಓರೆಯನ್ನೂ ಚಾಚುದ್ದವನ್ನೂ ಬದಲಿಸದೆ, ಒಂದೇ ಪದಾರ್ಥದ ಬೇರೆ ಬೇರೆ ದಪ್ಪಗಳನ್ನು ನುಡಿಸಿ ನೋಡಬೇಕು. ಪ್ರತಿಯೊಂದರಿಂದಲೂ ಮೂರು ಬಗೆಯ ಏಟುಗಳು ಅವಶ್ಯ: ತನ್ನಿಂದ ಸಾಧ್ಯವಾದಷ್ಟು ಮೆಲ್ಲಗಿನದು, ಕೆಳಗೂ ಮೇಲಕ್ಕೂ ಸಾಗುವ ವೇಗದ್ದು, ಎಲ್ಲ ತಂತಿಗಳನ್ನೂ ಸವರುವಂತಹುದು. ದಪ್ಪವನ್ನು ನಿಶ್ಚಯಿಸಿದ ಮೇಲೆ ಅದೇ ದಪ್ಪದಲ್ಲಿ ತುದಿಯ ಆಕಾರವನ್ನು, ಕಟ್ಟಕಡೆಗೆ ಪದಾರ್ಥವನ್ನು ಬದಲಿಸಬೇಕು. ಪದಾರ್ಥವನ್ನು ಮೊದಲು ಹಿಡಿದವನು ದಪ್ಪದ ಗುಣವನ್ನೂ ಅಂಚಿನ ಗುಣವನ್ನೂ ಪದಾರ್ಥದ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ.

ಸವೆದ ಪಿಕ್ಕನ್ನು ಹೊಸದರೊಡನೆ ಹೋಲಿಸುವಾಗಲೂ ಇದೇ ಎಚ್ಚರಿಕೆ ಬೇಕು. ದಪ್ಪ ಹಾಗೆಯೇ ಉಳಿದು ಅಂಚು ಮಾತ್ರ ಒರಟಾಗಿದ್ದರೆ, ತಂತಿಯ ಮೇಲೆ ಅದು ತೊಡಕಿ ಬಿಡುಗಡೆ ನಿಧಾನವಾಗಿ ನಾದ ಮಸುಕಾಗಿರುತ್ತದೆ. ನುಣುಪು ಕಾಗದದ ಮೇಲೆ ತುಸು ಉಜ್ಜಿ, ಬಟ್ಟೆಯಿಂದ ತಿಕ್ಕಿದರೆ ಹಳೆಯ ಪಿಕ್ಕೇ ಹೊಸದಾಗುತ್ತದೆ. ಇನ್ನು ತೀರ್ಪಿನ ವಿಷಯ. ಕೈಗೆ ಹಿತವಾದುದು ಕಿವಿಗೂ ಹಿತವೆಂದು ತೋರುವುದು ಮನುಷ್ಯಸ್ವಭಾವ. ಆದಕಾರಣ ನಾದದ ತೀರ್ಮಾನವನ್ನು ನುಡಿಸುವವನು ಒಬ್ಬನೇ ಮಾಡತಕ್ಕುದಲ್ಲ. ಗೆಳೆಯನೊಬ್ಬನನ್ನು ಬೆನ್ನು ತಿರುಗಿಸಿ ಕೂರಿಸಿ, ಯಾವ ಪಿಕ್ಕೆಂದು ಹೇಳದೆ ನುಡಿಸಿ, ಅವನ ಅಭಿಪ್ರಾಯವನ್ನು ಬರೆದಿಟ್ಟುಕೊಳ್ಳುವುದು ಲೇಸು. ಮೊಬೈಲಿನಲ್ಲಿ ಮುದ್ರಿಸಿ ಮರುದಿನ ಕೇಳಿದರೂ ಆದೀತು. ಕೈಯ ತೀರ್ಪು, ಕಿವಿಯ ತೀರ್ಪು ಇವೆರಡೂ ಬೇರೆ ಬೇರೆಯಾಗಿ ಬಂದು ಒಂದೇ ಪಿಕ್ಕಿನ ಮೇಲೆ ಕೂಡಿದರೆ ಆಯ್ಕೆ ಮುಗಿಯಿತು. ಕೂಡದಿದ್ದರೆ ಕೈಯ ತೀರ್ಪಿಗೆ ಮೊದಲ ಮನ್ನಣೆ ಸಲ್ಲಬೇಕು, ಏಕೆಂದರೆ ಸ್ಥಾನದಿಂದ, ಓರೆಯಿಂದ, ಚಾಚುದ್ದದಿಂದ ನಾದವನ್ನು ತಿದ್ದಬಹುದು, ಅಹಿತವಾದ ನಖಿಯಿಂದ ಕೈಗೆ ಅಂಟಿದ ಬಿಗಿತವನ್ನು ತಿದ್ದಲು ವರ್ಷಗಳು ಬೇಕು.

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬೆರಳು, ಉಕ್ಕು, ಕಡ್ಡಿ, ಪ್ಲಾಸ್ಟಿಕ್ಕು ಎಂಬ ನಾಲ್ಕರಲ್ಲಿ ಮೇಲುಕೀಳಿನ ತಾರತಮ್ಯವಿಲ್ಲ. ಕುದುರೆಯ ಅಗಲ, ತಂತಿಯ ನಿಲುವು, ಒಡಲಿನ ಪದಾರ್ಥ ಇವುಗಳು ಒಡ್ಡಿದ ಬೇರೆ ಬೇರೆ ಸಮಸ್ಯೆಗಳಿಗೆ ಅವು ಬೇರೆ ಬೇರೆ ಪರಿಹಾರಗಳು. ಸರಿಯಾದ ನಖಿಯೆಂಬುದು ಒಂದು ವಾದ್ಯಕ್ಕೂ ಒಂದು ಕೈಗೂ ನಡುವೆ ಮಾತ್ರ ನಿರ್ಣಯವಾಗತಕ್ಕುದು; ಮತ್ತೊಬ್ಬ ವಾದಕನು, ಎಷ್ಟೇ ದೊಡ್ಡವನಾಗಿರಲಿ, ತನ್ನ ಪಿಕ್ಕಿನ ಸಂಖ್ಯೆಯನ್ನು ಹೇಳಿದರೆ ಅದು ಅವನ ಬೆರಳ ಸುದ್ದಿಯಾಯಿತೇ ಹೊರತು ನಮಗೆ ವಿಧಿಯಾಗದು. ನಖಿಯು ತಂತಿಗೆ ಕೊಟ್ಟ ಕಂಪನವನ್ನು ಗಾಳಿಗೆ ದಾಟಿಸುವ ಹೊಣೆ ವಾದ್ಯದ ಒಡಲಿಗೆ ಸೇರಿದುದು. ಮಿರಜದ ತಂಬೂರಿಗೆ ಸೋರೆಯ ಬುರುಡೆಯೇ ಏಕೆ ಬೇಕಾಯಿತು, ಚೌಡಿಕೆಗೆ ಚರ್ಮವೇ ಏಕೆ ಸಾಕಾಯಿತು ಎಂಬುದನ್ನು ಮುಂದಿನ ಅಧ್ಯಾಯದಲ್ಲಿ ವಿಚಾರಿಸುವೆವು.